ಕ್ರೈಸ್ತರ ನಿತ್ಯಜೀವನದಲ್ಲಿ ಆತ್ಮತ್ಯಾಗವೂ ದೇವಚಿತ್ತವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಸರ್ವಧರ್ಮಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಇಂತಹ ಮಹಾಸಭೆಯಲ್ಲಿ ನನ್ನಂತಹ ಅಲ್ಪನಿಗೆ ಎರಡು ಮಾತು ಹೇಳುವ ಅಪ್ಪಣೆ ದೊರೆತುದು ನನ್ನ ಭಾಗ್ಯವೇ ಸರಿ. ನಾನು ಪಂಡಿತನಲ್ಲ, ಧರ್ಮಗುರುವೂ ಅಲ್ಲ. ಕುಂದಾಪುರ ಸೀಮೆಯ ಒಂದು ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಬೈಂದೂರಿಗೂ ಬ್ರಹ್ಮಾವರಕ್ಕೂ ನಡುವಣ ಹಳ್ಳಿಗಳ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟು, ಈಗ ವಿಶ್ರಾಂತನಾಗಿರುವ ಒಬ್ಬ ಉಪಾಧ್ಯಾಯನು ನಾನು. ಆದುದರಿಂದ ನನ್ನಿಂದ ಗಹನವಾದ ತತ್ತ್ವವಿಚಾರವನ್ನು ತಾವು ನಿರೀಕ್ಷಿಸಬಾರದೆಂದು ಮೊದಲೇ ವಿಜ್ಞಾಪಿಸಿಕೊಳ್ಳುತ್ತೇನೆ.

ನಿನ್ನೆ ರಾತ್ರಿ ಶ್ರೀಮಠದ ದಾಸೋಹದಲ್ಲಿ ನಾನೂ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸಿದೆನು. ಊಟವಾದ ಬಳಿಕ ಒಬ್ಬ ಹಿರಿಯರು ಬಂದು, ಅನ್ಯಮತದವನಾದ ನಾನು ಉಂಡ ಎಲೆಯನ್ನು ನಾನೇ ಎತ್ತಲು ಬಿಡದೆ, ತಾವೇ ಎತ್ತಿಕೊಂಡು ಹೋದರು. ಅವರು ತಮ್ಮ ಊರಿನಲ್ಲಿ ದೊಡ್ಡ ವ್ಯಾಪಾರಸ್ಥರೆಂದೂ, ಅವರ ಅಂಗಡಿಯಲ್ಲಿ ಹತ್ತಾರು ಮಂದಿ ದುಡಿಯುತ್ತಾರೆಂದೂ ಆಮೇಲೆ ತಿಳಿಯಿತು. ನಾನು ಹೇಳಬೇಕೆಂದು ಬರೆದುಕೊಂಡು ಬಂದಿದ್ದ ವಿಷಯವನ್ನು ಅವರು ಮಾತಿಲ್ಲದೆ ಹೇಳಿ ಮುಗಿಸಿದಂತೆ ನನಗೆ ತೋರಿತು. ಆದರೂ ಒಪ್ಪಿಕೊಂಡ ಕೆಲಸವನ್ನು ಮಾಡಬೇಕಷ್ಟೆ.

ನನಗೆ ಕೊಟ್ಟಿರುವ ವಿಷಯವು ಕ್ರೈಸ್ತರ ನಿತ್ಯಜೀವನದಲ್ಲಿ ಆತ್ಮತ್ಯಾಗ ಮತ್ತು ದೇವಚಿತ್ತದ ಅನುಸರಣೆ ಎಂಬುದು. ಕ್ರಿಸ್ತಸ್ವಾಮಿಯು ತನ್ನ ಶಿಷ್ಯರಿಗೆ ಹೇಳಿದ ಕಠಿಣವಾದ ಮಾತುಗಳಲ್ಲಿ ಇದೂ ಒಂದು. ತನ್ನನ್ನು ಹಿಂಬಾಲಿಸಲು ಬಯಸುವವನು ಮೊದಲು ತನ್ನನ್ನು ತಾನು ಅಲ್ಲಗಳೆದು, ತನ್ನ ಶಿಲುಬೆಯನ್ನು ಹೊತ್ತುಕೊಂಡು ಬರತಕ್ಕದ್ದು ಎಂಬುದು ಅದರ ತಾತ್ಪರ್ಯ. ಮತ್ತಾಯ, ಮಾರ್ಕ, ಲೂಕ ಎಂಬ ಮೂವರು ಸುವಾರ್ತಾಕಾರರೂ ಈ ಮಾತನ್ನು ಬರೆದಿದ್ದಾರೆ. ಆದರೆ ಲೂಕನು ಮಾತ್ರ ಅದಕ್ಕೆ ಒಂದು ಚಿಕ್ಕ ಪದವನ್ನು ಸೇರಿಸಿದ್ದಾನೆ. ಶಿಲುಬೆಯನ್ನು ಹೊರಬೇಕಾದುದು ದಿನದಿನವೂ ಎಂಬುದೇ ಆ ಪದ. ಉಳಿದಿಬ್ಬರ ಮಾತನ್ನು ಓದಿದರೆ ಧರ್ಮಕ್ಕಾಗಿ ಪ್ರಾಣಕೊಟ್ಟ ವೀರರು ನೆನಪಿಗೆ ಬರುತ್ತಾರೆ. ಲೂಕನ ಮಾತನ್ನು ಓದಿದರೆ ನಮ್ಮ ನಮ್ಮ ಅಡಿಗೆಮನೆ, ಅಂಗಳ, ಗದ್ದೆಯ ಬದು, ಅಂಗಡಿಯ ತಕ್ಕಡಿ ಇವು ಕಣ್ಣಿಗೆ ಕಟ್ಟುತ್ತವೆ. ಪ್ರಾಣವನ್ನು ಒಮ್ಮೆ ಕೊಡಬಹುದು. ಹಠವನ್ನು ದಿನದಿನವೂ ಬಿಡಬೇಕು. ಎರಡನೆಯದೇ ಕಷ್ಟವೆಂದು ನನ್ನ ಅನುಭವ.

ದೇವಚಿತ್ತವೆಂಬ ಮಾತೂ ಹಾಗೆಯೇ. ಯೇಸುಸ್ವಾಮಿಯು ಕಲಿಸಿದ ಪ್ರಾರ್ಥನೆಯಲ್ಲಿ ದೇವರ ಚಿತ್ತವು ಸ್ವರ್ಗದಲ್ಲಿ ನೆರವೇರುವಂತೆ ಭೂಮಿಯಲ್ಲಿಯೂ ನೆರವೇರಲಿ ಎಂಬ ಬೇಡಿಕೆಯುಂಟು. ಇದನ್ನು ಕ್ರೈಸ್ತರು ಬಾಲ್ಯದಿಂದಲೂ ದಿನಕ್ಕೆ ಎಷ್ಟೋ ಸಲ ಹೇಳುತ್ತೇವೆ. ಆ ಸ್ವಾಮಿಯು ತನ್ನ ಮರಣದ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಬೆವರು ಸುರಿಸುತ್ತ, ಬರಲಿರುವ ಸಂಕಟವು ತಪ್ಪುವುದಾದರೆ ತಪ್ಪಲೆಂದು ಮೊದಲು ಬೇಡಿ, ಆಮೇಲೆ ತನ್ನ ಇಷ್ಟವಲ್ಲ, ತಂದೆಯ ಇಷ್ಟವೇ ಆಗಲೆಂದು ಒಪ್ಪಿಸಿಕೊಂಡನು. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆತನು ತನಗೆ ಇಷ್ಟವೇ ಇಲ್ಲವೆಂದು ನಟಿಸಲಿಲ್ಲ. ತನ್ನ ಇಷ್ಟವನ್ನು ಬಾಯಿಬಿಟ್ಟು ಹೇಳಿ, ಅನಂತರ ಅದನ್ನು ಕೆಳಗಿಟ್ಟನು. ಕೈಯಲ್ಲಿ ಹಿಡಿದುದನ್ನೇ ಕೆಳಗಿಡಬಹುದಲ್ಲದೆ, ಕೈಯಲ್ಲಿಲ್ಲದುದನ್ನು ಕೆಳಗಿಡುವುದು ಹೇಗೆ?

ಈ ಎರಡು ಮಾತುಗಳನ್ನು ನಾವು ಮೂರು ವಿಧವಾಗಿ ತಪ್ಪು ತಿಳಿಯುವುದುಂಟು. ಆ ಮೂರನ್ನೂ ಒಂದೊಂದಾಗಿ ತಮ್ಮ ಮುಂದಿಡುತ್ತೇನೆ.

ಮೊದಲನೆಯ ತಪ್ಪು, ವಸ್ತುಗಳನ್ನು ಬಿಡುವುದೇ ಆತ್ಮತ್ಯಾಗವೆಂದು ತಿಳಿಯುವುದು. ನಮ್ಮಲ್ಲಿ ಪಾಸ್ಕ ಹಬ್ಬಕ್ಕೆ ಮುಂಚೆ ನಾಲ್ವತ್ತು ದಿನಗಳ ತಪಸ್ಸುಕಾಲವುಂಟು. ಅದು ಆರಂಭವಾಗುವ ದಿನವನ್ನು ವಿಭೂತಿ ಬುಧವಾರವೆನ್ನುತ್ತೇವೆ. ವಿಭೂತಿಯ ಮಹಿಮೆಯನ್ನು ತಮಗೆ ನಾನು ಹೇಳಬೇಕಾದುದಿಲ್ಲ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಗುರುಗಳು ನಮ್ಮ ಹಣೆಗೆ ಹಚ್ಚುತ್ತಾರೆ. ಜಯಘೋಷ ಮಾಡುತ್ತ ಎತ್ತಿ ಹಿಡಿದ ಗರಿಯೇ ಮರುವರ್ಷ ಬೂದಿಯಾಗುವುದು. ಮನುಷ್ಯನ ಗರ್ವಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಅಂದಿನಿಂದ ಕೆಲವರು ಮಾಂಸವನ್ನು, ಕೆಲವರು ಮೀನನ್ನು, ಕೆಲವರು ಹೊಗೆಸೊಪ್ಪನ್ನು, ಕೆಲವರು ಸೇಂದಿಯನ್ನು ಬಿಡುತ್ತಾರೆ. ಕಡಲತೀರದವನಿಗೆ ಮೀನು ಬಿಡುವುದು ಸಣ್ಣ ಮಾತಲ್ಲ. ಇವೆಲ್ಲ ಒಳ್ಳೆಯವೇ. ಆದರೆ ಬಿಟ್ಟವನು ಬಿಟ್ಟೆನೆಂಬುದನ್ನು ಬಿಡದಿದ್ದರೆ ಫಲವೇನು? ವಸ್ತು ಹೋಗಿ ‘ನಾನು’ ಇನ್ನಷ್ಟು ದಪ್ಪವಾಗಿ ಉಳಿಯುವುದು.

ಈ ‘ನಾನು’ ಎಂಬುದನ್ನು ಬಿಟ್ಟವರೊಬ್ಬರ ಕಥೆಯು ನಮ್ಮ ಕುಂದಾಪುರಕ್ಕೆ ಸೇರಿದುದು. ಅದು ತಮ್ಮ ಸಮಾಜದ ಚರಿತ್ರೆಗೂ ಹೊಂದಿಕೊಂಡಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿಯನ್ನು ಬೇಡುತ್ತೇನೆ.

ಪಂಚಗಂಗಾವಳಿಯ ದಡದಲ್ಲಿರುವ ಕುಂದಾಪುರದಲ್ಲಿ ಕ್ರಿ. ಶ. 1570ರಲ್ಲಿ ಸ್ಥಾಪಿತವಾದ ರೋಸರಿ ಮಾತೆಯ ಇಗರ್ಜಿಯಿದೆ. 17ನೆಯ ಶತಮಾನದ ನಡುವಿನಲ್ಲಿ ಈ ಕರಾವಳಿಯು ಪೋರ್ತುಗೀಸರ ಕೈತಪ್ಪಿ ಕೆಳದಿಯ ಶಿವಪ್ಪನಾಯಕನ ವಶವಾಯಿತು. ಲಿಂಗಾಯತ ಮನೆತನದವರಾದ ಕೆಳದಿಯ ಅರಸರು ಮಠಗಳಿಗೂ ಜಂಗಮರಿಗೂ ಉಂಬಳಿಗಳನ್ನು ಬಿಟ್ಟವರು. ಆದರೂ ಪೋರ್ತುಗೀಸರೊಡನೆ ಆಮೇಲೆ ಮಾಡಿಕೊಂಡ ಒಡಂಬಡಿಕೆಗಳಲ್ಲಿ, ತಮ್ಮ ಸೀಮೆಯಲ್ಲಿ ಕ್ರೈಸ್ತರು ಇಗರ್ಜಿಗಳನ್ನು ಕಟ್ಟಿಕೊಳ್ಳುವುದಕ್ಕೆ ಅವಕಾಶವನ್ನು ಕೊಟ್ಟರು. ಮುಂದೆ ಆಳಿದ ರಾಣಿ ಚೆನ್ನಮ್ಮಾಜಿಯವರು, 1689ರಲ್ಲಿ ಶಿವಾಜಿಯ ಮಗನಾದ ರಾಜಾರಾಮನು ಶರಣು ಬಂದಾಗ, ಔರಂಗಜೇಬನ ಕೋಪಕ್ಕೆ ಗುರಿಯಾಗುವುದು ನಿಶ್ಚಯವೆಂದು ತಿಳಿದೂ ಅವನಿಗೆ ಆಶ್ರಯವಿತ್ತರು. ತನ್ನ ಕ್ಷೇಮಕ್ಕಿಂತ ಶರಣಾಗತನ ಕ್ಷೇಮವನ್ನು ಮೇಲೆಂದು ಎಣಿಸುವುದೂ ಆತ್ಮತ್ಯಾಗವೇ ಅಲ್ಲವೇ?

ಆ ಚೆನ್ನಮ್ಮಾಜಿಯವರ ಆಳಿಕೆಯ ಕಾಲದಲ್ಲಿ, 1681ರಲ್ಲಿ, ಗೋವೆಯಿಂದ ಜೋಸೆಫ್ ವಾಜರೆಂಬ ಮೂವತ್ತು ವರ್ಷದ ಗುರುಗಳು ಕನ್ನಡ ಜಿಲ್ಲೆಯ ಕರಾವಳಿಗೆ ಬಂದರು. ಅವರು 1651ರಲ್ಲಿ ಗೋವೆಯ ಬಾಣಾವಳಿಯಲ್ಲಿ ಹುಟ್ಟಿದ ಕೊಂಕಣಿಯವರು. 1677ರಲ್ಲಿ ಅವರು ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ತಮ್ಮ ಕೈಯಾರೆ ಪತ್ರ ಬರೆದುಕೊಟ್ಟಿದ್ದರು. ಗೋವೆಯಲ್ಲಿದ್ದಾಗ ಸಿಂಹಳದ್ವೀಪದ ಸುದ್ದಿಯು ಅವರ ಕಿವಿಗೆ ಬಿದ್ದಿತು. ಆ ದ್ವೀಪದ ಕರಾವಳಿಯು ಡಚ್ಚರ ಪಾಲಾಗಿ, ಅಲ್ಲಿಯ ಕಥೋಲಿಕರು ಗುರುಗಳಿಲ್ಲದೆ ಅನಾಥರಾಗಿದ್ದರು. ತಾನು ಅಲ್ಲಿಗೆ ಹೋಗಬೇಕೆಂದು ವಾಜರು ಮೇಲಿನವರನ್ನು ಬೇಡಿಕೊಂಡರು. ಬೇಡಿದುದು ಸುಖವನ್ನಲ್ಲ, ಪದವಿಯನ್ನಲ್ಲ; ಪ್ರಾಣಾಪಾಯವಿದ್ದ ಸೇವೆಯನ್ನು. ಆದರೂ ಮೇಲಿನವರು ಅವರನ್ನು ಸಿಂಹಳಕ್ಕೆ ಕಳುಹಿಸದೆ ನಮ್ಮ ಕರಾವಳಿಗೆ ಕಳುಹಿಸಿದರು.

ಮಹಾಜನರೇ, ಕೆಟ್ಟ ಆಸೆಯನ್ನು ಬಿಡುವುದು ಸುಲಭ. ಒಳ್ಳೆಯ ಆಸೆಯನ್ನು ಬಿಡುವುದೇ ದುಸ್ತರ. ದೇವರ ಕೆಲಸವನ್ನೇ ನಾನು ಮಾಡುವೆನು, ಆದರೆ ನಾನು ಆರಿಸಿಕೊಂಡ ಊರಿನಲ್ಲಿ, ನಾನು ಆರಿಸಿಕೊಂಡ ರೀತಿಯಲ್ಲಿ ಎಂಬ ಹಠವು ಭಕ್ತನ ಮನಸ್ಸಿನಲ್ಲಿಯೂ ಅಡಗಿರುತ್ತದೆ. ವಾಜರು ಆ ಹಠವನ್ನು ಬಿಟ್ಟು ಬಂದರು. ಕುಂದಾಪುರ, ಗಂಗೊಳ್ಳಿ, ಬಸ್ರೂರು, ಬಾರಕೂರು, ಕಲ್ಯಾಣಪುರ, ಮಂಗಳೂರು ಈ ಊರುಗಳ ನಡುವೆ ಬರಿಗಾಲಿನಲ್ಲಿ ಸಂಚರಿಸಿದರು. ಬಿದ್ದ ಇಗರ್ಜಿಗಳನ್ನು ಎತ್ತಿ ನಿಲ್ಲಿಸಿದರು, ಮಕ್ಕಳಿಗೆ ಪಾಠ ಹೇಳುವ ಏರ್ಪಾಡು ಮಾಡಿದರು, ರೋಗಿಗಳನ್ನು ನೋಡಿಕೊಂಡರು. ಆಗ ನಮ್ಮ ಜನರ ಮೇಲೆ ಯಾರಿಗೆ ಅಧಿಕಾರವೆಂಬ ವಿಷಯದಲ್ಲಿ ಗೋವೆಯ ಕಡೆಯವರಿಗೂ, ರೋಮಿನಿಂದ ನೇಮಕವಾಗಿ ಬಂದಿದ್ದ ಬಿಷಪರಿಗೂ ವ್ಯಾಜ್ಯವಿದ್ದಿತು. ಈ ವ್ಯಾಜ್ಯದ ನಡುವೆ ನಿಂತ ವಾಜರು ತಮ್ಮ ಅಧಿಕಾರವನ್ನು ಸ್ಥಾಪಿಸಬೇಕೆಂದು ಹೊರಡದೆ, ಸೌಮ್ಯತೆಯಿಂದ ಇಬ್ಬರಿಗೂ ಶಾಂತಿಯಾಗುವಂತೆ ಯತ್ನಿಸಿದರು. ಕುಂದಾಪುರದ ಇಗರ್ಜಿಯಲ್ಲಿ ಪ್ರಾರ್ಥನೆಯ ಕಾಲದಲ್ಲಿ ಅವರ ದೇಹವು ನೆಲದಿಂದ ಮೇಲಕ್ಕೆದ್ದು ನಿಂತುದನ್ನು ಕಂಡವರಿದ್ದರೆಂದು ನಮ್ಮ ಹಿರಿಯರು ಭಕ್ತಿಯಿಂದ ಹೇಳುತ್ತ ಬಂದಿದ್ದಾರೆ. ನನಗಾದರೋ, ನೆಲದಿಂದ ಎದ್ದ ಆ ಒಂದು ಗಳಿಗೆಗಿಂತ, ಮೂರು ವರ್ಷಗಳ ಕಾಲ ಈ ಕೆಸರಿನ ದಾರಿಯಲ್ಲಿ ನೆಲಕ್ಕೆ ಊರಿ ನಡೆದ ಆ ಪಾದಗಳೇ ಹೆಚ್ಚಿನ ಪವಾಡವಾಗಿ ತೋರುತ್ತವೆ.

1684ರಲ್ಲಿ ಅವರು ಗೋವೆಗೆ ಹಿಂದಿರುಗಿದರು. ಮುಂದೆ ಎರಡು ವರ್ಷಗಳಾದ ಮೇಲೆ ಸಿಂಹಳದ ದಾರಿಯು ತೆರೆಯಿತು. ಕೂಲಿಯವನಂತೆ ಮಾರುವೇಷದಲ್ಲಿ ಆ ದ್ವೀಪವನ್ನು ಹೊಕ್ಕರು, ಭಿಕ್ಷುಕನಂತೆ ತಿರುಗಿದರು, ಕ್ಯಾಂಡಿಯಲ್ಲಿ ಬೇಹುಗಾರನೆಂಬ ಸಂಶಯದ ಮೇಲೆ ಸೆರೆಯಾದರು. 1697ರಲ್ಲಿ ಆ ನಗರದಲ್ಲಿ ಸಿಡುಬು ಹಬ್ಬಿ, ಜನರು ಮನೆಯವರನ್ನೂ ಬಿಟ್ಟು ಓಡಿಹೋದಾಗ, ಇವರು ಓಡಲಿಲ್ಲ. ತಮ್ಮ ಜೊತೆಯ ಒಬ್ಬ ಗುರುವಿನೊಡನೆ ರೋಗಿಗಳ ಹುಣ್ಣು ತೊಳೆದು, ಗಂಜಿ ಕುಡಿಸಿ, ಸತ್ತವರನ್ನು ಹೂಳಿದರು. ಮತವನ್ನು ಕೇಳಿ ಗಂಜಿ ಕೊಡಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ದೇಹವಿಟ್ಟರು. 2015ರ ಜನವರಿ 14ರಂದು ಕೊಲಂಬೊ ನಗರದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಕೇಳಿದಾಗ ಸಿಕ್ಕದ ಕೆಲಸವು ಅವರಿಗೆ ಕೊನೆಗೆ ಸಿಕ್ಕಿತು. ಆದರೆ ಸಿಕ್ಕೇ ಸಿಕ್ಕುವುದೆಂಬ ಭರವಸೆಯು ಕುಂದಾಪುರದಲ್ಲಿದ್ದಾಗ ಅವರಿಗಿರಲಿಲ್ಲ. ನಮ್ಮೂರಿನ ಆ ಮೂರು ವರ್ಷಗಳನ್ನು ಅವರು ಸಿಂಹಳಕ್ಕೆ ಮೆಟ್ಟಿಲೆಂದು ಭಾವಿಸಿ ಕಳೆಯಲಿಲ್ಲ. ಅದೇ ತನ್ನ ಪಾಲಿಗೆ ಬಂದ ದೇವಚಿತ್ತವೆಂದು ಕಳೆದರು. ಬಯಸದೆ ಬಂದ ಊರಿನಲ್ಲಿ ಮನಸ್ಸಿಟ್ಟು ದುಡಿಯುವುದು ಎಷ್ಟು ಕಷ್ಟವೆಂಬುದು ಒಂದು ಸಲ ವರ್ಗವಾದ ಯಾವ ಉಪಾಧ್ಯಾಯನಿಗಾದರೂ ಗೊತ್ತು.

ಇನ್ನು ಎರಡನೆಯ ತಪ್ಪು. ಅದು ನಮ್ಮ ಸೋಮಾರಿತನಕ್ಕೂ ಅಂಜಿಕೆಗೂ ದೇವಚಿತ್ತವೆಂದು ಹೆಸರಿಡುವುದು. ಮಗುವಿಗೆ ಜ್ವರ ಬಂದರೆ ದೇವಚಿತ್ತ. ಬೆಳೆ ಹೋದರೆ ದೇವಚಿತ್ತ. ನೆರೆಯವನಿಗೆ ಅನ್ಯಾಯವಾದರೂ ದೇವಚಿತ್ತ! ಇದು ಭಕ್ತಿಯಲ್ಲ. ಕುಂದಾಪುರಕ್ಕೂ ಗಂಗೊಳ್ಳಿಗೂ ನಡುವಣ ಹೊಳೆಯಲ್ಲಿ ದೋಣಿ ನಡೆಸುತ್ತಿದ್ದವರನ್ನು ನಾನು ಬಾಲ್ಯದಲ್ಲಿ ನೋಡಿದ್ದೇನೆ. ಉಬ್ಬರವೂ ಇಳಿತವೂ ದೋಣಿಯವನ ಅಪ್ಪಣೆಯಂತೆ ಬರುವುವಲ್ಲ. ಅದನ್ನು ಬಲ್ಲ ಅವನು ನೀರಿನೊಡನೆ ಜಗಳವಾಡುವುದಿಲ್ಲ. ಆದರೆ ನೀರು ದೇವರದೆಂದು ಹುಟ್ಟನ್ನು ಒಳಗೆಳೆದುಕೊಂಡು ಕುಳಿತುಕೊಳ್ಳುವುದೂ ಇಲ್ಲ. ಹಾಗೆ ಕುಳಿತರೆ ದೋಣಿಯು ಅಳಿವೆಯನ್ನು ದಾಟಿ ಕಡಲಿಗೆ ಹೋಗುವುದು. ನೀರಿನ ಸೆಳೆತವನ್ನು ತಿಳಿದು ಹುಟ್ಟು ಹಾಕುವವನೇ ದಡ ಮುಟ್ಟುವನು. ದೇವಚಿತ್ತದ ಅನುಸರಣೆಯೆಂದರೆ ಇದೇ.

ಇದಕ್ಕೆ ದೃಷ್ಟಾಂತವಾಗಿ ಬ್ರಹ್ಮಾವರದ ಒಂದು ವಿಷಯವನ್ನು ಹೇಳುತ್ತೇನೆ. ಬ್ರಹ್ಮಾವರದಲ್ಲಿ ಸಿರಿಯನ್ ಆರ್ಥಡಾಕ್ಸ್ ಪರಂಪರೆಗೆ ಸೇರಿದ ಕೊಂಕಣಿ ಕ್ರೈಸ್ತರ ಒಂದು ಸಮಾಜವಿದೆ. ಗೋವೆಯ ಅಲ್ವಾರಿಸ್ ಮಾರ್ ಜೂಲಿಯಸರೆಂಬವರು ಅದರ ಮೂಲಪುರುಷರು. ಅವರು 1836ರಲ್ಲಿ ಹುಟ್ಟಿ, ರೋಮಿನ ಸಭೆಯಲ್ಲಿ ಗುರುಗಳಾಗಿದ್ದು, ಆಮೇಲೆ ಭಿನ್ನಾಭಿಪ್ರಾಯದಿಂದ ಅದನ್ನು ಬಿಟ್ಟು, 1889ರಲ್ಲಿ ಮಲಂಕರ ಸಭೆಯವರಿಂದ ಬಿಷಪರಾಗಿ ಅಭಿಷೇಕ ಹೊಂದಿದರು. ಆ ಮತಭೇದದ ವಿವರಕ್ಕೆ ನಾನು ಹೋಗುವುದಿಲ್ಲ. ನಾನು ರೋಮಿನ ಸಭೆಯವನು, ಅವರು ಅದನ್ನು ಬಿಟ್ಟವರು. ಆದರೂ ಅವರ ಬಾಳನ್ನು ಓದಿದಾಗ ತಲೆಬಾಗದೆ ಇರಲಾರೆನು. ಅವರನ್ನು ಸರಕಾರವು ಸೆರೆಹಿಡಿಸಿತು; ಬಿಷಪರ ಉಡುಪನ್ನು ಕಳಚಿಸಿ ಅವಮಾನಗೊಳಿಸಿತು. ಬಿಷಪರೆನಿಸಿದ ಅವರು ಪಣಜಿಯಲ್ಲಿ ದಿಕ್ಕಿಲ್ಲದ ಬಡವರನ್ನೂ ರೋಗಿಗಳನ್ನೂ ಸಾಕುತ್ತ, ಅವರಿಗಾಗಿ ಬೀದಿಯಲ್ಲಿ ಕೈಯೊಡ್ಡಿ ಬೇಡುತ್ತಿದ್ದರು. ವಾಂತಿಭೇದಿಯ ಮಾರಿಯು ಊರೂರನ್ನು ನುಂಗುತ್ತಿದ್ದ ಆ ಕಾಲದಲ್ಲಿ, ಇದು ದೇವಚಿತ್ತವೆಂದು ಕೈಕಟ್ಟಿ ಕುಳ್ಳಿರದೆ, ಆ ರೋಗಕ್ಕೆ ಮಾಡಬೇಕಾದ ಚಿಕಿತ್ಸೆಯನ್ನು ತಿಳಿಸುವ ಒಂದು ಪುಸ್ತಕವನ್ನು ಬರೆದು ಹಂಚಿದರು. ಬಡವರಿಗೆ ಅನ್ನದ ಕೊರತೆಯಾದಾಗ ಮರಗೆಣಸನ್ನು ಬೆಳೆಸಿ ಹೊಟ್ಟೆ ಹೊರೆದುಕೊಳ್ಳಬಹುದೆಂದು ಬರೆದು ಪ್ರಚಾರ ಮಾಡಿದರು. 1923ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಯಾವ ಇಗರ್ಜಿಯ ಗಂಟೆಯೂ ಮೊಳಗಬೇಕಾಗಿರಲಿಲ್ಲ. ಆದರೂ ಜನಸಾಗರವೇ ಹಿಂದೆ ನಡೆಯಿತು. ಅವರ ಸಹಕಾರಿಗಳಾದ ರೋಕ್ ಜೆಫ್ರಿನ್ ನೊರೊನ್ಹಾ ಗುರುಗಳು ಬ್ರಹ್ಮಾವರಕ್ಕೆ ಬಂದು ನೆಲೆಸಿ, 1936ರಲ್ಲಿ ತೀರಿಕೊಳ್ಳುವವರೆಗೂ ಆ ಊರಿನ ಬಡಜನರ ನಡುವೆ ಬಾಳಿ, ವಿದ್ಯೆಯ ಬೀಜವನ್ನು ಬಿತ್ತಿದರು.

ಮನುಷ್ಯನ ಸಂಕಟವು ದೇವಚಿತ್ತವೇ ಅಲ್ಲವೇ ಎಂಬ ತರ್ಕವನ್ನು ಪಂಡಿತರಿಗೆ ಬಿಡೋಣ. ಆ ಸಂಕಟದ ಎದುರಿಗೆ ನನ್ನನ್ನು ನಿಲ್ಲಿಸಿರುವುದು ಮಾತ್ರ ದೇವಚಿತ್ತವೆಂಬುದರಲ್ಲಿ ಸಂದೇಹವಿಲ್ಲ. ಬೈಂದೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಉಪಾಧ್ಯಾಯನಾಗಿದ್ದಾಗ, ನಮ್ಮವರಾದ ಒಬ್ಬ ವಿಧವೆಯು ಭಾನುವಾರದ ಪೂಜೆಗೆ ಒಂದು ದಿನವೂ ತಪ್ಪುತ್ತಿರಲಿಲ್ಲ. ಒಂದು ಮಳೆಗಾಲದ ಭಾನುವಾರ ಆಕೆಯು ಬರಲಿಲ್ಲ. ನೆರೆಮನೆಯ ಮೀನುಗಾರನ ಹೆಂಡತಿಗೆ ಹೆರಿಗೆಯ ನೋವು ಬಂದಿತ್ತು, ಗಂಡನು ಊರಲ್ಲಿರಲಿಲ್ಲ, ಈಕೆಯು ಅಲ್ಲಿಯೇ ಕುಳಿತುಬಿಟ್ಟಳು. ಮರುದಿನ ನನ್ನೆದುರಿಗೆ ಕಣ್ಣೀರು ತಂದು, “ಮಾಸ್ಟ್ರೇ, ನಿನ್ನೆ ದೇವರನ್ನು ಬಿಟ್ಟುಬಿಟ್ಟೆ” ಎಂದಳು. ನಾನು, “ಇಲ್ಲ ತಾಯಿ, ನಿನ್ನೆ ನೀವು ಬಿಟ್ಟದ್ದು ನಿಮ್ಮ ನಿಯಮವನ್ನು ಮಾತ್ರ” ಎಂದೆನು. ನಿಯಮವನ್ನು ಉಳಿಸಿಕೊಂಡು ನೆರೆಯವಳನ್ನು ಬಿಟ್ಟಿದ್ದರೆ ಆಕೆಗೆ ಮನಶ್ಶಾಂತಿಯೇನೋ ಸಿಕ್ಕುತ್ತಿತ್ತು. ಆದರೆ ಆ ಶಾಂತಿಯು ದೇವರದಾಗುತ್ತಿರಲಿಲ್ಲ.

ಮೂರನೆಯ ತಪ್ಪು ಎಲ್ಲಕ್ಕಿಂತ ಸೂಕ್ಷ್ಮವಾದುದು. ಅದೇನೆಂದರೆ, ತ್ಯಾಗದ ಪುಣ್ಯವನ್ನು ನಾವು ಇಟ್ಟುಕೊಂಡು, ಅದರ ಭಾರವನ್ನು ಇನ್ನೊಬ್ಬರ ಹೆಗಲಿಗೆ ಹೊರಿಸುವುದು. ಯಜಮಾನನು ಉಪವಾಸ ಮಾಡುತ್ತಾನೆ. ಅವನ ಸಿಡುಕನ್ನು ಸಹಿಸುವವಳು ಹೆಂಡತಿ. ಯಜಮಾನನು ದಾನಶೂರನೆನಿಸುತ್ತಾನೆ, ಬಂದವರಿಗೆಲ್ಲ ಬಡಿಸಿ, ಕೊನೆಗೆ ತಳದ ಗಂಜಿಯನ್ನು ಕುಡಿಯುವವಳು ಮನೆಯಾಕೆ. ಬಲವಿಲ್ಲದವರಿಗೆ ನೀವು ತಾಳಿಕೊಳ್ಳಿರಿ, ಇದು ನಿಮ್ಮ ಶಿಲುಬೆಯೆಂದು ಬಲವುಳ್ಳವರು ಉಪದೇಶಿಸುವುದೂ ಉಂಟು. ಕ್ರಿಸ್ತಸ್ವಾಮಿಯು ಹೊರಿರೆಂದು ಹೇಳಿದುದು ತಮ್ಮ ತಮ್ಮ ಶಿಲುಬೆಯನ್ನು. ಶಿಲುಬೆಯನ್ನು ತಯಾರಿಸಿ ಇನ್ನೊಬ್ಬರ ಬೆನ್ನಿಗೆ ಏರಿಸಿದವರು ಆತನ ಶಿಷ್ಯರಲ್ಲ, ಆತನನ್ನು ಕೊಂದವರು.

ಈ ಮೂರು ತಪ್ಪುಗಳನ್ನೂ ನಾನು ಎಲ್ಲಿ ಕಲಿತೆನೆಂದು ತಾವು ಕೇಳಬಹುದು. ನನ್ನ ಮನೆಯಲ್ಲಿಯೇ. ಮೂರನ್ನೂ ನಾನೇ ಮಾಡಿದವನು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳದೆ ಹೋದರೆ ಈ ಉಪನ್ಯಾಸವು ಬರಿಯ ಬಾಯುಪಚಾರವಾದೀತು.

ನಮ್ಮ ತಂದೆಯವರು ತೀರಿದ ಮೇಲೆ ನನಗೂ ನನ್ನ ತಮ್ಮನಿಗೂ ಆಸ್ತಿಯ ಪಾಲಾಯಿತು. ಆಸ್ತಿಯೆಂದರೆ ಒಂದು ಮನೆ, ಒಂದಿಷ್ಟು ತೆಂಗಿನ ತೋಟ, ಒಂದು ಬಾವಿ. ಕಡಲ ಹತ್ತಿರದ ನಮ್ಮ ಕಡೆ ಸಿಹಿನೀರಿನ ಬಾವಿಯೆಂದರೆ ಚಿನ್ನಕ್ಕೆ ಸಮಾನ. ಹಿರಿಯನಾದ ನನಗೇ ಅದು ಸೇರಬೇಕೆಂದು ನಾನು ಹಿಡಿದೆ. ಆ ಬಾವಿಯಿಂದ ನೀರು ಹೊತ್ತು ತೋಟವನ್ನು ಬೆಳೆಸಿದವನು ತಾನೆಂದು ಅವನು ಹಿಡಿದನು. ಅವನು ಹೇಳಿದುದು ನಿಜ. ನಾನು ಶಾಲೆಗೆ ಹೋಗಿ ಪುಸ್ತಕ ಓದುತ್ತಿದ್ದ ವರ್ಷಗಳಲ್ಲಿ ಅವನು ಕೊಡಪಾನ ಹೊತ್ತಿದ್ದನು. ಆದರೂ ನಾನು ನ್ಯಾಯಾಲಯಕ್ಕೆ ಹೋದೆನು. ವ್ಯಾಜ್ಯವು ಒಂಬತ್ತು ವರ್ಷ ನಡೆಯಿತು. ಒಂದೇ ಅಂಗಳದ ಎರಡು ಬಾಗಿಲುಗಳ ನಡುವೆ ಮಾತು ನಿಂತಿತು. ಆ ಒಂಬತ್ತು ವರ್ಷಗಳಲ್ಲಿಯೂ ನಾನು ದಿನಾಲೂ ರಾತ್ರಿ ಮೊಣಕಾಲೂರಿ ದೇವರ ಚಿತ್ತವು ನೆರವೇರಲೆಂದು ಪ್ರಾರ್ಥಿಸುತ್ತಿದ್ದೆನು. ಬೆಳಗಾದರೆ ಕಾಗದಪತ್ರಗಳ ಕಟ್ಟನ್ನು ಹಿಡಿದುಕೊಂಡು ವಕೀಲರ ಮನೆಗೆ ನಡೆಯುತ್ತಿದ್ದೆನು. ತಪಸ್ಸುಕಾಲದ ನಾಲ್ವತ್ತು ದಿನವೂ ಮೀನನ್ನು ಮುಟ್ಟುತ್ತಿರಲಿಲ್ಲ. ಅದಕ್ಕಾಗಿ ನೆರೆಹೊರೆಯಲ್ಲಿ ನನಗೆ ಒಳ್ಳೆಯ ಹೆಸರೂ ಇತ್ತು.

ಒಂದು ತಪಸ್ಸುಕಾಲದಲ್ಲಿ ನಮ್ಮ ತಾಯಿಯವರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನಾನು ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಅವರ ಮಂಚದ ಬಳಿ ಕುಳಿತು ಉಣ್ಣುತ್ತಿದ್ದೆನು. ಅವರು ಬಹಳ ಹೊತ್ತು ನನ್ನ ಬಟ್ಟಲನ್ನೇ ನೋಡುತ್ತಿದ್ದು, ಕೊಂಕಣಿಯಲ್ಲಿ ಒಂದು ಮಾತು ಕೇಳಿದರು. ಅದನ್ನು ಕನ್ನಡದಲ್ಲಿ ಹೇಳುತ್ತೇನೆ: “ಪುತಾ, ನಾಲ್ವತ್ತು ದಿನ ಮೀನು ಬಿಡುತ್ತಿ. ಒಂದು ಬಾವಿಯನ್ನು ಬಿಡಲಾರೆಯಾ?”

ನಾನು ಉತ್ತರ ಕೊಡಲಿಲ್ಲ. ನ್ಯಾಯವು ನನ್ನ ಕಡೆಗಿದೆ ಎಂದು ಮನಸ್ಸಿನಲ್ಲಿಯೇ ಹೇಳಿಕೊಂಡೆನು. ಪಾಸ್ಕ ಹಬ್ಬಕ್ಕೆ ಮುಂಚೆಯೇ ತಾಯಿಯವರು ತೀರಿಕೊಂಡರು. ಅವರ ಹೆಣವನ್ನು ನಾವಿಬ್ಬರೂ ಒಂದೇ ಚಟ್ಟಕ್ಕೆ ಹೆಗಲು ಕೊಟ್ಟು ಹೊತ್ತೆವು, ಒಬ್ಬರೊಡನೊಬ್ಬರು ಮಾತಾಡಲಿಲ್ಲ. ಆ ಮಾತಿಗೆ ಅವರು ಬದುಕಿರುವಾಗಲೇ ಉತ್ತರ ಕೊಡಲಿಲ್ಲವೆಂಬ ದುಃಖವು ನನ್ನನ್ನು ಇಂದಿಗೂ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ತಿಂಗಳ ಪೂಜೆಯಾದ ಮರುದಿನ ನಾನು ವ್ಯಾಜ್ಯವನ್ನು ಹಿಂದೆಗೆದುಕೊಂಡು, ಬಾವಿಯನ್ನು ತಮ್ಮನ ಹೆಸರಿಗೆ ಬರೆದುಕೊಟ್ಟೆನು. ಅವನು ಬಂದು ಕಾಲಿಗೆ ಬಿದ್ದನೆಂದೋ, ಇಬ್ಬರೂ ಅಪ್ಪಿಕೊಂಡು ಅತ್ತೆವೆಂದೋ ಹೇಳಿದರೆ ಕಥೆಯು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ಅವನು ಕಾಗದವನ್ನು ತೆಗೆದುಕೊಂಡು ಒಳಗೆ ಹೋದನು. ಮಾರನೆಯ ವಾರ ನಡುವೆ ಬೇಲಿ ಹಾಕಿಸಿದನು. ನನಗೆ ಉರಿದುಹೋಯಿತು. ಬಿಟ್ಟುಕೊಟ್ಟವನಿಗೆ ಒಂದು ಒಳ್ಳೆಯ ಮಾತಾದರೂ ಬೇಡವೇ? ಆ ರಾತ್ರಿ ಪ್ರಾರ್ಥನೆಗೆ ಕುಳಿತಾಗ ನನಗೆ ಗೊತ್ತಾಯಿತು: ನಾನು ಬಾವಿಯನ್ನು ಬಿಟ್ಟಿದ್ದೆನಲ್ಲದೆ, ಬಾವಿಯ ಬೆಲೆಯನ್ನು ಬಿಟ್ಟಿರಲಿಲ್ಲ. ಅದನ್ನು ಕೃತಜ್ಞತೆಯ ರೂಪದಲ್ಲಿ ವಸೂಲು ಮಾಡಬೇಕೆಂದು ಕಾದುಕೊಂಡಿದ್ದೆನು. ಆತ್ಮತ್ಯಾಗವು ನಿಜವಾಗಿ ಆರಂಭವಾದುದು ಅಂದು. ಕಾಗದ ಬರೆದುಕೊಟ್ಟ ದಿನವಲ್ಲ. ಆ ಮೇಲೆ ಅದನ್ನು ದಿನದಿನವೂ, ಆ ಬೇಲಿಯನ್ನು ಕಂಡಾಗಲೆಲ್ಲ, ಮತ್ತೆ ಮತ್ತೆ ಬಿಡಬೇಕಾಯಿತು. ಲೂಕನು ಬರೆದ ಆ ಚಿಕ್ಕ ಪದದ ಅರ್ಥವು ನನಗೆ ತಿಳಿದುದು ಹೀಗೆ.

ನಾನು ತೋಡಿಸಿದ ಹೊಸ ಬಾವಿಯ ನೀರು ಎರಡು ಬೇಸಗೆ ಚೆನ್ನಾಗಿದ್ದು, ಮೂರನೆಯ ಬೇಸಗೆಯಲ್ಲಿ ಉಪ್ಪಾಯಿತು. ನನ್ನ ಹೆಂಡತಿಯು ದೂರದಿಂದ ನೀರು ತರತೊಡಗಿದಳು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಬೇಲಿಯಲ್ಲಿ ಒಬ್ಬರು ಕೊಡ ಹೊತ್ತು ದಾಟುವಷ್ಟು ಜಾಗವನ್ನು ಯಾರೋ ಬಿಡಿಸಿದ್ದರು. ಯಾರು ಬಿಡಿಸಿದರೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಆ ದಾರಿಯು ಇಂದಿಗೂ ಇದೆ.

ಶರಣಬಂಧುಗಳೇ, ತಮ್ಮ ಶರಣರ ಚರಿತ್ರೆಯಲ್ಲಿ ಆಯ್ದಕ್ಕಿಯ ಲಕ್ಕಮ್ಮನವರ ಪ್ರಸಂಗವನ್ನು ಓದಿದಾಗ ನನಗೆ ನನ್ನ ತಾಯಿಯವರ ನೆನಪಾಗುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಮನೆಯೊಳಗೆ ಸೇರಿಸದೆ, ಹೆಚ್ಚಾದುದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದರು. ಆ ಅಕ್ಕಿಯು ಕದ್ದುದಲ್ಲ, ಮೋಸದಿಂದ ತಂದುದಲ್ಲ, ದಾಸೋಹಕ್ಕೆಂದೇ ತಂದುದು. ಆದರೂ ಅದರಲ್ಲಿ ಆಸೆಯ ಒಂದು ಕಾಳು ಅಡಗಿದ್ದುದನ್ನು ಆ ತಾಯಿಯ ಕಣ್ಣು ಕಂಡಿತು. ಭಕ್ತನಾದವನ ಆಸೆಯು ಭಕ್ತಿಯ ಬಟ್ಟೆಯನ್ನೇ ಉಟ್ಟುಕೊಂಡು ಬರುತ್ತದೆ. ಅದನ್ನು ಗುರುತಿಸುವವರು ಅನೇಕ ವೇಳೆ ನಮ್ಮ ಮನೆಯೊಳಗೇ ಇರುತ್ತಾರೆ. ನಾವು ಅವರ ಮಾತನ್ನು ಕೇಳುವುದಿಲ್ಲ. ಮಾರಯ್ಯನವರು ಕೇಳಿದರು, ಹಿಂದಿರುಗಿ ಹೋದರು. ಅದಕ್ಕೇ ಅವರು ಶರಣರು. ನಾನು ತಡಮಾಡಿದೆನು.

ನಮ್ಮ ಧರ್ಮವೂ ತಮ್ಮ ಧರ್ಮವೂ ಒಂದೇ ಎಂದು ಹೇಳಿ ಚಪ್ಪಾಳೆ ಪಡೆಯುವ ಉದ್ದೇಶವು ನನಗಿಲ್ಲ. ನಮ್ಮ ನಂಬುಗೆಗಳು ಬೇರೆ, ಪೂಜೆಯ ಕ್ರಮವು ಬೇರೆ. ಆದರೆ ಮನುಷ್ಯನೊಳಗಿನ ‘ನಾನು’ ಮಾತ್ರ ಎಲ್ಲಾ ಮತಗಳಲ್ಲಿಯೂ ಒಂದೇ ರೀತಿಯಾಗಿ ಹಟಮಾರಿಯಾಗಿದೆ. ಅದನ್ನು ಇಳಿಸುವ ಕೆಲಸವೂ ಎಲ್ಲರಿಗೂ ಒಂದೇ ರೀತಿಯಾಗಿ ಕಷ್ಟವಾಗಿದೆ. ಈ ಕಷ್ಟದಲ್ಲಿ ನಾವು ಒಬ್ಬರಿಗೊಬ್ಬರು ನೆರೆಯವರು.

ನಾನು ಈಗ ಪ್ರತಿರಾತ್ರಿ ಮಲಗುವ ಮುಂಚೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ. ಇವು ಶಾಸ್ತ್ರದವಲ್ಲ, ಒಬ್ಬ ಉಪಾಧ್ಯಾಯನು ತನಗೆ ತಾನೇ ಕೊಟ್ಟುಕೊಂಡ ಪಾಠ. ಈ ದಿನ ನಾನು ಬಿಟ್ಟುದಕ್ಕೆ ಯಾರಿಂದಲಾದರೂ ಬೆಲೆಯನ್ನು ಕಾದುಕೊಂಡಿದ್ದೇನೆಯೇ? ನಾನು ದೇವಚಿತ್ತವೆಂದು ಹೆಸರಿಟ್ಟುದು ನಿಜವಾಗಿ ನನ್ನ ಅಂಜಿಕೆಯೋ ಆಲಸ್ಯವೋ ಅಲ್ಲವಷ್ಟೆ? ನನ್ನ ತ್ಯಾಗದ ಹೊರೆಯನ್ನು ಹೊತ್ತವರು ಬೇರೆ ಯಾರಾದರೂ ಇದ್ದಾರೆಯೇ? ಮೂರಕ್ಕೂ ಸರಿಯಾದ ಉತ್ತರ ಬಂದ ದಿನಗಳು ಕಡಿಮೆ. ಆದರೆ ಪ್ರಶ್ನೆಯನ್ನು ಕೇಳಿಕೊಂಡ ದಿನ ಮರುದಿನದ ಬೆಳಗು ಸ್ವಲ್ಪ ಹಗುರವಾಗಿರುತ್ತದೆ.

ಆರಂಭದಲ್ಲಿ ಹೇಳಿದ ಆ ಹಿರಿಯರು ಈ ಸಭೆಯಲ್ಲಿ ಇಲ್ಲಿಯೇ ಎಲ್ಲಿಯೋ ಕುಳಿತಿರಬಹುದು. ಅವರಿಗೆ ನನ್ನ ವಂದನೆಗಳು. ಅವರಲ್ಲಿಯೂ ತಮ್ಮೆಲ್ಲರಲ್ಲಿಯೂ, ಎಲ್ಲರಿಗಿಂತ ಮೊದಲು ನನ್ನಲ್ಲಿಯೂ ನಾನು ಮಾಡಿಕೊಳ್ಳುವ ಬಿನ್ನಹ ಒಂದೇ. ಮಠದಲ್ಲಿ ಗುರುಸನ್ನಿಧಿಯಿದೆ, ನಾಲ್ಕು ಜನ ನೋಡುತ್ತಾರೆ, ಮನಸ್ಸೂ ತಿಳಿಯಾಗಿರುತ್ತದೆ. ಇಲ್ಲಿ ಎಲೆಯನ್ನು ಎತ್ತುವುದು ಭಾಗ್ಯ. ಮಹೋತ್ಸವವು ಮುಗಿದು ಊರಿಗೆ ಹಿಂದಿರುಗಿದ ಮೇಲೆ, ಯಾರೂ ನೋಡದಿರುವಾಗ, ದಣಿದ ಹೆಂಡತಿಯ ಮುಂದಿನ ಎಲೆಯನ್ನೂ, ಜಗಳವಾಡಿದ ತಮ್ಮನು ಉಂಡ ಎಲೆಯನ್ನೂ ಎತ್ತುವಂತಾದರೆ, ಈ ಶ್ರೀಮಠದ ದಾಸೋಹವು ಇಷ್ಟು ವರ್ಷ ನಡೆದುದು ಸಾರ್ಥಕವಾದಂತೆಯೇ ಸರಿ.

ಶ್ರೀಮಠವು ಚಿರಕಾಲ ಬೆಳಗಲಿ. ಇಲ್ಲಿಯ ಒಲೆಯು ಆರದಿರಲಿ. ಹಸಿದು ಬಂದವರಿಗೆ ಈ ಬಾಗಿಲು ಎಂದಿನಂತೆ ತೆರೆದಿರಲಿ ಎಂದು ಸರ್ವೇಶ್ವರನಾದ ದೇವರನ್ನು ಬೇಡುತ್ತೇನೆ.